ಉತ್ತಂಗಿ ಚನ್ನಪ್ಪನವರ ಸಂಪಾದನಕಾರ್ಯದಲ್ಲಿ ದಯೆಯೂ ನ್ಯಾಯವೂ: ಉತ್ತರ ಕನ್ನಡದ ಓದುಗರ ದೃಷ್ಟಿಯಿಂದ ಒಂದು ವಿಚಾರ

ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ, ಶೋಧಿಸಿ, 1924ನೆಯ ಇಸವಿಯಲ್ಲಿ ಅಚ್ಚಿಗೆ ಕೊಟ್ಟ ರೆವರೆಂಡ ಉತ್ತಂಗಿ ಚನ್ನಪ್ಪನವರು (1881–1962) ಕ್ರೈಸ್ತ ಪಾದ್ರಿಗಳಾಗಿದ್ದರೆಂಬುದು ಪಂಡಿತರಿಗೆಲ್ಲ ವಿದಿತವೇ ಇದೆ. ವಿದಿತವಾಗಿರುವುದರಿಂದಲೇ ಏನೋ, ಆ ಸಂಗತಿಯನ್ನು ಯಾರೂ ಪರೀಕ್ಷಿಸಿ ನೋಡುವುದಿಲ್ಲ. ಕ್ರೈಸ್ತರಾಗಿದ್ದರೂ ಶೈವಕವಿಯೊಬ್ಬನಿಗಾಗಿ ಇಷ್ಟು ದುಡಿದರೆಂದು ಹೊಗಳಿ ಮುಂದಕ್ಕೆ ಸಾಗುವುದು ರೂಢಿಯಾಗಿದೆ. ಆ “ಆಗಿದ್ದರೂ” ಎಂಬುದು ಉಪಚಾರದ ಮಾತು. ವಿಮರ್ಶೆಗೆ ಅದರಿಂದ ಪ್ರಯೋಜನವಿಲ್ಲ. ಪಾದ್ರಿಯ ಧರ್ಮವೂ ಸಂಪಾದಕನ ಧರ್ಮವೂ ಚನ್ನಪ್ಪನವರಲ್ಲಿ ಎಲ್ಲಿ ಒಂದಾದವು, ಎಲ್ಲಿ ಒಂದನ್ನೊಂದು ಎದುರಿಸಿದವು ಎಂಬುದೇ ಇಲ್ಲಿ ವಿಚಾರಣೀಯವಾದ ವಿಷಯ.

ಮೊದಲು ಅವರ ಎರಡು ಚಿಕ್ಕ ಪುಸ್ತಕಗಳ ಹೆಸರುಗಳನ್ನು ನೋಡಬೇಕು. “ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ”, “ಹಿಂದೂ ಸಮಾಜದ ಹಿತಚಿಂತಕ” ಇವೆರಡೂ 1921ರಲ್ಲಿ ಹೊರಬಿದ್ದವು. ಪುಸ್ತಕದ ಹೆಸರಿನಿಂದ ಗ್ರಂಥಕರ್ತನ ಮನಸ್ಸನ್ನು ಊಹಿಸುವುದು ಸಾಧಾರಣವಾಗಿ ಅಪಾಯದ ಕೆಲಸ. ಆದರೆ ಪದಗಳ ತೂಕವನ್ನು ಬಲ್ಲ ಸಂಪಾದಕನ ವಿಷಯದಲ್ಲಿ ಅಷ್ಟು ಸ್ವಾತಂತ್ರ್ಯವನ್ನು ವಹಿಸಬಹುದು. ಮತಪ್ರಚಾರದ ಸಾಹಿತ್ಯದಲ್ಲಿ ಆ ಕಾಲಕ್ಕೆ ಬಳಕೆಯಾಗಿದ್ದ ಶಬ್ದಗಳು ಖಂಡನೆ, ಪ್ರಶ್ನೋತ್ತರ, ಎಚ್ಚರಿಕೆ, ಕರೆ. ಚನ್ನಪ್ಪನವರು ಆರಿಸಿಕೊಂಡದ್ದು ವಿನಂತಿ. ವಿನಂತಿಸುವವನು ಬಾಗಿಲ ಹೊರಗೆ ನಿಂತಿರುತ್ತಾನೆ. ಒಳಗಿನವನು ಒಲ್ಲೆನೆಂದರೆ ಮರುಮಾತಿಲ್ಲದೆ ತಿರುಗಿ ಹೋಗಬೇಕಾಗುತ್ತದೆ. ಅಲ್ಲಿ ಬೆತ್ಲೆಹೇಮು ಕೇಳುವ ಊರು, ಬನಾರಸವು ಕೊಡುವ ಊರು. ದಯೆಯೆಂಬುದು ಮೇಲಿನವನು ಕೆಳಗಿನವನಿಗೆ ಸುರಿಯುವ ವಸ್ತುವೆಂದು ತಿಳಿದವನ ಲೇಖನಿಯಿಂದ ಈ ಚತುರ್ಥೀ ವಿಭಕ್ತಿಯು ಬರುತ್ತಿರಲಿಲ್ಲ.

ಪಾದ್ರಿಗಳು ಕನ್ನಡ ಗ್ರಂಥಗಳನ್ನು ಅಚ್ಚುಹಾಕಿಸುವುದು ಆಗ ಹೊಸ ಸಂಗತಿಯೇನೂ ಆಗಿರಲಿಲ್ಲ. ಮಂಗಳೂರಿನಲ್ಲಿ 1843ರಲ್ಲಿ “ಮಂಗಳೂರ ಸಮಾಚಾರ”ವನ್ನು ಹೊರಡಿಸಿದ ಮೋಗ್ಲಿಂಗರು ದಾಸರ ಪದಗಳನ್ನೂ ಬಸವಪುರಾಣವನ್ನೂ ಮುದ್ರಿಸಿದ್ದರು. ಕಿಟ್ಟೆಲರ 1894ರ ನಿಘಂಟು ಇಂದಿಗೂ ನಮ್ಮ ಕೈಗಂಬ. ಅವರ ಋಣವನ್ನು ಕಡಮೆ ಮಾಡಿ ಹೇಳುವ ಉದ್ದೇಶ ನಮಗಿಲ್ಲ. ಆದರೂ ಭೇದವುಂಟು. ಅವರು ಕಡಲಾಚೆಯಿಂದ ಬಂದು ಕನ್ನಡವನ್ನು ಕಲಿತವರು. ಚನ್ನಪ್ಪನವರಾದರೋ ಧಾರವಾಡದಲ್ಲಿ ಹುಟ್ಟಿದವರು, ಪೂರ್ವಿಕರು ವೀರಶೈವರು. ಸರ್ವಜ್ಞನ ಪದಗಳು ಅವರಿಗೆ ತಮ್ಮ ಹಳೆಯ ಮನೆಯ ಮಾತು. ಮತವನ್ನು ಬದಲಾಯಿಸಿದ ಮನೆತನದವನು ಹಿಂದಿನ ಮನೆಯ ಬಗೆಗೆ ಎರಡು ರೀತಿಯಿಂದ ನಡೆದುಕೊಳ್ಳಬಹುದು: ಅದನ್ನು ಹೆಚ್ಚಾಗಿ ಹಳಿಯಬಹುದು, ಇಲ್ಲವೆ ಅತ್ತ ತಿರುಗಿಯೂ ನೋಡದಿರಬಹುದು. ಮೂರನೆಯ ದಾರಿಯೊಂದುಂಟೆಂದು, ಆ ಮನೆಯ ಒಡವೆಯನ್ನು ಎಣಿಸಿ, ತೊಳೆದು, ಯಥಾವತ್ತಾಗಿ ಒಡೆಯರಿಗೆ ಒಪ್ಪಿಸುವುದು ಸಾಧ್ಯವೆಂದು ಚನ್ನಪ್ಪನವರು ಮಾಡಿ ತೋರಿಸಿದರು.

ಸಂಗ್ರಹದ ಕೆಲಸವು ಎಂತಹದೆಂಬುದನ್ನು ತ್ರಿಪದಿಯ ಸ್ವಭಾವವನ್ನು ಬಲ್ಲವರು ಊಹಿಸಿಕೊಳ್ಳಬಹುದು. ಕೈಬರಹದ ಪ್ರತಿಗಳು ಒಂದನ್ನೊಂದು ಹೋಲುವುದಿಲ್ಲ. ಜನರ ಬಾಯಲ್ಲಿರುವುದು ಪ್ರತಿಗಳಲ್ಲಿಲ್ಲ. ಅಂಕಿತವೊಂದಿದ್ದರೆ ಸಾಕು, ಯಾರ ಪದವಾದರೂ ಸರ್ವಜ್ಞನದಾಗುತ್ತದೆ. ಸುಮಾರು 2000 ವಚನಗಳನ್ನು ಕಲೆಹಾಕಿ ಕ್ರಮಪಡಿಸುವುದಕ್ಕೆ ಪಾಂಡಿತ್ಯವೊಂದೇ ಸಾಲದು, ಬೇಡುವ ಮನಸ್ಸೂ ಬೇಕು. ಚನ್ನಪ್ಪನವರಿಗೆ ಸಂದ “ತಿರುಳ್ಗನ್ನಡದ ತಿರುಕ” ಎಂಬ ಬಿರುದು ಅಕ್ಷರಶಃ ಒಪ್ಪುವಂತಹದು. ಕವಿಯೂ ತಿರುಕ, ಸಂಪಾದಕನೂ ತಿರುಕ.

ತೊಡಕು ಇರುವುದು ಮುಂದೆ. ಜನ್ಮದಿಂದ ಕುಲವನ್ನು ಎಣಿಸುವುದನ್ನು ಸರ್ವಜ್ಞನು ತೀಕ್ಷ್ಣವಾಗಿ ಅಲ್ಲಗಳೆದನೆಂಬುದನ್ನು ಶಾಲೆಯ ಹುಡುಗರೂ ಬಲ್ಲರು. ಅವನ ತಂದೆ ಬ್ರಾಹ್ಮಣನೆಂದೂ ತಾಯಿ ಕುಂಬಾರಗಿತ್ತಿಯೆಂದೂ ಹೇಳುವ ಐತಿಹ್ಯವು ಆ ಮಾತಿಗೆ ಬಲಕೊಡುತ್ತದೆ. ಆದರೆ ಅದೇ ಅಂಕಿತದ ಕೆಳಗೆ ಅಕ್ಕಸಾಲಿಗರನ್ನು, ವ್ಯಾಪಾರಿಗಳನ್ನು, ಬ್ರಾಹ್ಮಣರನ್ನು, ಹೆಂಗಸರನ್ನು ಒಟ್ಟಾಗಿ ಹೀಯಾಳಿಸುವ ಪದಗಳೂ ಬಂದಿವೆ. ಕುಲವೆಂಬುದಿಲ್ಲವೆಂದ ಬಾಯಿಯೇ ಇಂಥ ಕುಲದವರು ಇಂಥವರೆಂದು ಹೇಳುತ್ತದೆ! ಈ ವಿರೋಧವನ್ನು ಸಂಪಾದಕನು ಏನು ಮಾಡಬೇಕು? ನೀತಿಬೋಧೆಯನ್ನೇ ಗುರಿಯಾಗಿಟ್ಟುಕೊಂಡ ಉಪದೇಶಕನಿಗೆ ಹಿತವಾದುದನ್ನು ಉಳಿಸಿ, ನೋಯಿಸುವುದನ್ನು ಪ್ರಕ್ಷಿಪ್ತವೆಂದು ಹೊರಗೆ ಹಾಕುವುದು ಸುಲಭ. ಹೀಗೆ ಹುಟ್ಟಿದ ಸರ್ವಜ್ಞನು ಸಾಧುವಾಗಿರುತ್ತಿದ್ದನು, ಸುಳ್ಳೂ ಆಗಿರುತ್ತಿದ್ದನು. ಚನ್ನಪ್ಪನವರ ಸಂಗ್ರಹದಲ್ಲಿ ಕಹಿಯಾದ ಪದಗಳು ಸಿಹಿಯಾದವುಗಳ ನೆರೆಯಲ್ಲೇ ನಿಂತಿವೆ. ಇಲ್ಲಿ ಸಂಪಾದಕನ ಧರ್ಮವು ಗೆದ್ದಿತೆಂದೂ ಪಾದ್ರಿಯ ಧರ್ಮವು ಹಿಂದೆ ಸರಿಯಿತೆಂದೂ ಮೇಲುನೋಟಕ್ಕೆ ತೋರುತ್ತದೆ. ನಮ್ಮ ಮತ ಬೇರೆ. ಸತ್ತ ಕವಿಯು ತನ್ನ ಪರವಾಗಿ ವಾದಿಸಲಾರನು. ಅವನ ಬಾಯಿಂದ ನಮಗೆ ಬೇಕಾದುದನ್ನಷ್ಟೇ ಹೇಳಿಸುವುದು ಅವನಿಗೆ ಮಾಡುವ ಅನ್ಯಾಯ. ದಯೆಯ ನೆವದಿಂದ ಈ ಅನ್ಯಾಯವನ್ನು ಮಾಡದಿದ್ದುದೇ ಆ ಪುಸ್ತಕದ ಹೆಚ್ಚಳ.

ಆದರೆ ಹೀಯಾಳಿಕೆಗೆ ಗುರಿಯಾದವನ ಮಗನು ತರಗತಿಯಲ್ಲಿ ಕುಳಿತಿರುವಾಗ? ಈ ಪ್ರಶ್ನೆಯನ್ನು ಭಟ್ಕಳ, ಹೊನ್ನಾವರ, ಕುಮಟೆಗಳ ಉಪಾಧ್ಯಾಯರು ಕೇಳಿದರೆ ಅದನ್ನು ತಳ್ಳಿಹಾಕುವಂತಿಲ್ಲ. ಘಟ್ಟದ ಮೇಲಣ ಸರ್ವಜ್ಞನಿಗೂ ಕರಾವಳಿಗೂ ಏನು ಸಂಬಂಧವೆಂದು ಕೆಲವರು ಶಂಕಿಸಬಹುದು. 1862ರಲ್ಲಿ ಕೆನರಾ ಜಿಲ್ಲೆಯ ಉತ್ತರಭಾಗವು ಮುಂಬಯಿ ಇಲಾಖೆಗೆ ಸೇರಿದಂದಿನಿಂದ ಧಾರವಾಡವೂ ಕುಮಟೆಯೂ ಒಂದೇ ವಿದ್ಯಾಖಾತೆಯ ಕೆಳಗೆ ಬಂದವು. ಅದಕ್ಕೂ ಮುಂಚೆಯೇ ಧಾರವಾಡ ಸೀಮೆಯ ಹತ್ತಿಯು ಘಟ್ಟವಿಳಿದು ಕುಮಟೆಯ ಬಂದರಿನಿಂದ ಮುಂಬಯಿಗೆ ಹೋಗುತ್ತಿದ್ದಿತು. ಬೆಳೆದ ನೆಲದ ಹೆಸರನ್ನು ಬಿಟ್ಟು “ಕುಮಟಾ ಹತ್ತಿ”ಯೆಂದೇ ಪೇಟೆಯಲ್ಲಿ ಹೆಸರಾಯಿತು. ಹತ್ತಿ ಇಳಿದ ದಾರಿಯಲ್ಲಿ ತ್ರಿಪದಿ ಇಳಿಯಲಾರದೆ?

ಈ ಕರಾವಳಿಯ ವಿಶೇಷವೆಂದರೆ ಇಲ್ಲಿ ಮತಭೇದದ ಜೊತೆಗೆ ನುಡಿಯ ಭೇದವೂ ಇದೆ. ಭಟ್ಕಳದ ನವಾಯತರು ಮನೆಯಲ್ಲಿ ನವಾಯತಿಯನ್ನಾಡುತ್ತಾರೆ. ಸಾರಸ್ವತರೂ ಕ್ರೈಸ್ತರೂ ಖಾರ್ವಿಗಳೂ ತಂತಮ್ಮ ಕೊಂಕಣಿಯನ್ನು, ಹವ್ಯಕರು ಹವಿಗನ್ನಡವನ್ನು ಆಡುತ್ತಾರೆ. ಶಾಲೆಯ, ಪೇಟೆಯ ಕನ್ನಡವು ಇವರಲ್ಲಿ ಬಹುಮಂದಿಗೆ ಅಂಗಳದ ಭಾಷೆ. ವಿದ್ಯೆಯ ಆದರವು ಇಲ್ಲಿ ಯಾವ ಒಂದು ಪಂಗಡದ ಸೊತ್ತೂ ಆಗಿರಲಿಲ್ಲ: 14ನೆಯ ಶತಮಾನದ ನಡುಭಾಗದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತನು ಆ ಊರಿನಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಶಾಲೆಗಳಿದ್ದುದನ್ನು ಕಂಡು ಬರೆದಿಟ್ಟಿದ್ದಾನೆ. ಅದೇ ಕರಾವಳಿಯಲ್ಲಿ 1993ರಲ್ಲಿ ಭಟ್ಕಳವು ತಿಂಗಳುಗಟ್ಟಲೆ ಗಲಭೆಯಿಂದ ನರಳಿತು. ಇಂಥ ಊರಿನಲ್ಲಿ, ಒಂದು ಕುಲವನ್ನು ಜರೆಯುವ ಪದ್ಯವನ್ನು ಟಿಪ್ಪಣಿಯಿಲ್ಲದೆ ಓದಿಸುವುದು ಎಷ್ಟು ತಪ್ಪೋ, ಅಂಥ ಪದ್ಯವೇ ಇಲ್ಲವೆಂದು ನಟಿಸುವುದೂ ಅಷ್ಟೇ ತಪ್ಪು. ಮರೆಮಾಡಿದ ಪದ್ಯವನ್ನು ಹುಡುಗನು ಬೀದಿಯಲ್ಲಿ ಕಲಿಯುತ್ತಾನೆ. ಅಲ್ಲಿ ಅದಕ್ಕೆ ಟೀಕೆ ಬರೆಯುವವರು ಯಾರು?

ಇನ್ನು ಚನ್ನಪ್ಪನವರ ಸೌಹಾರ್ದದ ಮೇರೆಯನ್ನೂ ಹೇಳಬೇಕು. ಸರ್ವಜ್ಞನ ತರುವಾಯ ಅವರು ಕೈಕೊಂಡ ದೊಡ್ಡ ಕೆಲಸಗಳು ಬಹುಮಟ್ಟಿಗೆ ಶರಣರವು: ಮೋಳಿಗೆಯ ಮಾರಯ್ಯ, ಸಿದ್ಧರಾಮ, ಬಳಿಕ ಅನುಭವಮಂಟಪದ ಐತಿಹಾಸಿಕತೆಯ ವಿಚಾರ. ಅನುಭವಮಂಟಪವು ಇತಿಹಾಸದಲ್ಲಿ ನಿಜವಾಗಿ ಇತ್ತೇ ಎಂಬ ಸಂಶಯವು ವಿದ್ವಾಂಸರಲ್ಲಿ ಎದ್ದಾಗ, ಇತ್ತೆಂದು ವಾದಿಸಿ ಗ್ರಂಥ ಬರೆದವರಲ್ಲಿ ಒಬ್ಬರು ಕ್ರೈಸ್ತ ಪಾದ್ರಿಗಳೆಂಬುದು ಸಣ್ಣ ಸಂಗತಿಯಲ್ಲ. ಹಾಗಿದ್ದರೂ ಇವೆಲ್ಲವೂ ಎರಡು ಮನೆಗಳ ನಡುವಣ ಮಾತುಕತೆ, ಹುಟ್ಟಿದ ಮನೆ ಮತ್ತು ಅಜ್ಜಂದಿರ ಮನೆ. ರಕ್ತದ ನಂಟಿಲ್ಲದ, ನುಡಿಯ ನಂಟೂ ಅರ್ಧವೇ ಇರುವ ನೆರೆಯವನೊಡನೆ ಹೇಗೆ ಬಾಳಬೇಕೆಂಬ ಕರಾವಳಿಯ ಪ್ರಶ್ನೆಗೆ ಅವರ ಸಂಪಾದನೆಗಳಲ್ಲಿ ನೇರವಾದ ಉತ್ತರವು ದೊರೆಯುವುದಿಲ್ಲ. ದೊರೆಯುವುದು ಒಂದು ಪದ್ಧತಿ ಮಾತ್ರ: ಪರರ ಗ್ರಂಥವನ್ನು ಪರರದಾಗಿಯೇ ಇರಗೊಟ್ಟು, ಅದಕ್ಕಾಗಿ ತನ್ನ ಆಯುಷ್ಯವನ್ನು ವೆಚ್ಚಮಾಡುವುದು.

ಅದನ್ನು ಕನ್ನಡಿಗರು ಗುರುತಿಸದೆ ಇರಲಿಲ್ಲ. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿದರು. ಹೈದರಾಬಾದು ಸಂಸ್ಥಾನದ ಮೇಲಣ ಪೋಲೀಸು ಕಾರ್ಯಾಚರಣೆಯು ನಡೆದು ಇನ್ನೂ ಒಂದು ವರ್ಷವೂ ತುಂಬದಿದ್ದ ಕಾಲ. ಆ ಸೀಮೆಯ ಹಿಂದುಗಳೂ ಮುಸಲ್ಮಾನರೂ ಕಷ್ಟಗಳನ್ನುಂಡು ಕುಳಿತಿದ್ದರು. ಆ ನೆಲದಲ್ಲಿ ಆ ಪೀಠಕ್ಕೆ ಎರಡೂ ಪಂಗಡಕ್ಕೆ ಸೇರದ ಪಾದ್ರಿಯೊಬ್ಬನು ಬಂದು ಕುಳಿತನೆಂಬುದರ ಅರ್ಥವನ್ನು ನಮ್ಮ ಸಾಹಿತ್ಯಚರಿತ್ರೆಗಳು ಸರಿಯಾಗಿ ವಿವೇಚಿಸಿಲ್ಲವೆಂದು ತೋರುತ್ತದೆ.

ಕರಾವಳಿಯ ಶಾಲೆಗಳಿಗೆ ಸರ್ವಜ್ಞನ ಒಂದು ಚಿಕ್ಕ ಸಂಗ್ರಹವನ್ನು ಸಿದ್ಧಪಡಿಸುವುದಾದರೆ 1924ರ ಪುಸ್ತಕವನ್ನೇ ಮುಂದಿಟ್ಟುಕೊಂಡು ಆರಂಭಿಸಬೇಕು. ಪ್ರತಿಯೊಂದು ವಚನಕ್ಕೂ ಅದು ಕೈಬರಹದಿಂದ ಬಂದುದೋ ಬಾಯಿಮಾತಿನಿಂದ ಬಂದುದೋ ಎಂಬುದು ತಿಳಿದಷ್ಟು ಮಟ್ಟಿಗೆ ನಮೂದಾಗಬೇಕು. ಜರೆಯುವ ಪದಗಳಲ್ಲಿ ಎರಡು ಮೂರನ್ನಾದರೂ ಬಿಡದೆ ಸೇರಿಸಿ, ಅದೇ ಅಂಕಿತದ ಸಮತೆಯ ಪದಗಳನ್ನು ಅವುಗಳ ಎದುರು ಪುಟದಲ್ಲಿ ಮುದ್ರಿಸಬೇಕು. ಟಿಪ್ಪಣಿಯನ್ನು ಬರೆಯುವ ಕೆಲಸಕ್ಕೆ ಭಟ್ಕಳದ ಒಬ್ಬ, ಹೊನ್ನಾವರದ ಒಬ್ಬ, ಕುಮಟೆಯ ಒಬ್ಬ ಉಪಾಧ್ಯಾಯರು ಕೂಡಿ ಕುಳಿತರೆ ಒಳ್ಳೆಯದು. ಮೂವರೂ ಒಂದೇ ಮನೆಮಾತಿನವರಾಗಿರಬಾರದು.