ಹುಣಸೆಮರದ ಮೇಲಿನ ಗುಲಾಬಿ ಗರಿ

ತಾವು ಮೆಚ್ಚಿದ ಚಿತ್ರವನ್ನು ನಾಲ್ಕು ಜನರಿಗೆ ತೋರಿಸಬೇಕೆನ್ನುವವರ ಬಗ್ಗೆ ನನಗೆ ಅಪಾರ ಗೌರವ. ಶಿರಾ ತಾಲ್ಲೂಕಿನ ಕಗ್ಗಲಡುವಿನ ಹುಣಸೆಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳನ್ನು ಎಷ್ಟೋ ಮಂದಿ ಮೊದಲು ಕಂಡದ್ದು ಮೊಬೈಲಿನಲ್ಲೇ. ನಾನು ಕಾಪಿಟ್ಟ ಫೋಟೊಗಳಲ್ಲಿ ಒಂದನ್ನು ಆಗಾಗ ಹಿಗ್ಗಿಸಿ ನೋಡುತ್ತೇನೆ: ತುದಿ ಬಾಗಿದ ಹಳದಿ ಕೊಕ್ಕು, ಕಿತ್ತಳೆ ಬಣ್ಣದ ಬೋಳು ಮುಖ, ಎದೆಗೆ ಅಡ್ಡಲಾಗಿ ಕಪ್ಪು ಪಟ್ಟಿ, ಬಾಲದ ಬಳಿ ಓಕುಳಿ ಎರಚಿದಂಥ ಗುಲಾಬಿ ಗರಿ. ಊರಿನ ನಡುವೆಯೇ ಇಂಥ ಸಂಸಾರ!

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಹುಲ್ಲುಗಾವಲಿನ ಕೃಷ್ಣಮೃಗಗಳು, ಕೊರಟಗೆರೆ ಕಡೆಯ ಸಿದ್ಧರಬೆಟ್ಟ, ಶಿರಾದ ಮಲಿಕ್ ರಿಹಾನ್ ಗೋರಿ ಎಲ್ಲವೂ ನನ್ನ ಈ ಫೋಟೊ ಸಂಗ್ರಹದಲ್ಲಿವೆ. ಪಾವಗಡದ ಸುಮಾರು 13,000 ಎಕರೆಯ ಸೋಲಾರ್ ಪಾರ್ಕ್ ಮಾತ್ರ ನೆಲದಿಂದ ಕ್ಯಾಮೆರಾಗೆ ದಕ್ಕದು; ಅದರ ಉಪಗ್ರಹ ಚಿತ್ರವನ್ನೇ ನೋಡಬೇಕು.

ಇಂಥ ಚಿತ್ರಗಳನ್ನು ಹಂಚಿಕೊಳ್ಳಲು 2004ರಲ್ಲಿ ಶುರುವಾದ ಮುಕ್ತ ಜಾಲತಾಣ ವಿಕಿಮೀಡಿಯ ಕಾಮನ್ಸ್‌ನಲ್ಲಿ ನನಗೆ ತುಂಬ ಹಿಡಿಸಿದ್ದು ಚಿತ್ರದ ಜೊತೆಗೇ ತೆಗೆದವರ ಹೆಸರು, ಪರವಾನಗಿ ಎರಡೂ ಇರುವುದು. ವಾಟ್ಸಾಪ್ ಫಾರ್ವರ್ಡಿನಲ್ಲಿ ಮೊದಲು ಅಳಿಸಿಹೋಗುವುದೇ ಆ ಹೆಸರು. ಮಧುಗಿರಿಯ ಏಕಶಿಲಾ ಬೆಟ್ಟದ ಫೋಟೊ ಕಳಿಸುವ ಗೆಳೆಯರನ್ನು ನಾನು ಕೇಳುವುದಿಷ್ಟೇ: ತೆಗೆದವರು ಯಾರು, ಯಾವ ತಿಂಗಳು, ಬೆಟ್ಟದ ಯಾವ ಮಗ್ಗುಲು?