ತಂದೆಯ ಅಪ್ಪಣೆ, ಮಕ್ಕಳ ಮೌನ: ಲಿಯರ್ ಹಾಗೂ ಜಮದಗ್ನಿ

ಹೆತ್ತವರ ಅಭಿಮಾನವು ಅಹಂಕಾರವಾಗಿ ಪರಿಣಮಿಸಿದಾಗ ನಿಜವಾದ ನಿಷ್ಠೆಯೇ ಅವರ ಕಣ್ಣಿಗೆ ದ್ರೋಹವಾಗಿ ತೋರುತ್ತದೆ. ದುರಂತ ನಾಟಕಗಳಲ್ಲಿ ಇದಕ್ಕೆ ಷೇಕ್ಸ್‌ಪಿಯರನ 'ಕಿಂಗ್ ಲಿಯರ್' ಪ್ರಸಿದ್ಧ ನಿದರ್ಶನ. ಎಂ. ಎಸ್. ಪುಟ್ಟಣ್ಣನವರ 'ಹೇಮಚಂದ್ರರಾಜವಿಲಾಸ'ದಿಂದಲೂ ಮಾಸ್ತಿಯವರ ಅನುವಾದದಿಂದಲೂ ಅದು ಕನ್ನಡಿಗರಿಗೆ ಪರಿಚಿತವಾಗಿದೆ. ಸವದತ್ತಿಯ ಎಲ್ಲಮ್ಮನ ಗುಡ್ಡದ ಕಥೆಯನ್ನು ಅದರ ಪಕ್ಕದಲ್ಲಿರಿಸಿದರೆ ಎರಡರ ತಿರುಳೂ ಸ್ಪಷ್ಟವಾಗುತ್ತದೆ.

ಜೋಗತಿಯರು ಚೌಡಿಕೆಯೊಡನೆ ಹಾಡುವ ಕಥೆಯಲ್ಲಿ ರೇಣುಕೆ ಹಾವಿನ ಸಿಂಬೆಯ ಮೇಲೆ ಮರಳಿನ ಕೊಡವನ್ನು ಹೊತ್ತು ಪತಿಗೆ ನೀರು ತರುವವಳು. ಒಂದು ದಿನ ಅವಳ ಮನಸ್ಸು ಕ್ಷಣಮಾತ್ರ ಚಲಿಸಿತು, ಕೊಡ ನಿಲ್ಲಲಿಲ್ಲ. ಅಷ್ಟು ಕಾಲದ ಸೇವೆಯನ್ನು ಜಮದಗ್ನಿ ಆ ಒಂದು ಕ್ಷಣದಿಂದ ಅಳೆದನು. ಮಹಾಭಾರತದ ವನಪರ್ವದಲ್ಲಿ ಅವನು ತಾಯಿಯನ್ನು ಕೊಲ್ಲೆಂದು ಮಕ್ಕಳಿಗೆ ಒಬ್ಬೊಬ್ಬರಾಗಿ ಆಜ್ಞಾಪಿಸುತ್ತಾನೆ. ಹಿರಿಯರಾದ ನಾಲ್ವರೂ ದಿಗ್ಭ್ರಾಂತರಾಗಿ ಮಾತನಾಡದೆ ನಿಂತು ಶಾಪಕ್ಕೆ ಗುರಿಯಾಗುತ್ತಾರೆ. ಕಾರ್ಡೀಲಿಯಳಿಗೆ ಒದಗಿದ ಗತಿಯೂ ಇದೇ. ಅಕ್ಕಂದಿರಂತೆ ಪ್ರೇಮವನ್ನು ಮಾತಿನಲ್ಲಿ ತೂಗಿ ಕೊಡಲು ಒಪ್ಪದ ಮಗಳನ್ನು ಲಿಯರ್ ತೊರೆಯುತ್ತಾನೆ. ತಡೆಯಬಂದ ಕೆಂಟನನ್ನು ಗಡಿಪಾರು ಮಾಡುತ್ತಾನೆ. ತನ್ನ ಇಚ್ಛೆಗೆ ಪ್ರತಿಧ್ವನಿಯಾಗದ ಮೌನವನ್ನು ಇಬ್ಬರು ತಂದೆಯರೂ ತಿರಸ್ಕಾರವೆಂದೇ ಭಾವಿಸಿದರು.

ಆದರೆ ಲಿಯರನನ್ನು ಹೊಗಳಿದ ಮಕ್ಕಳು ಅವನನ್ನು ಬೀದಿಪಾಲು ಮಾಡಿದರು. ಪರಶುರಾಮನೋ ಅಪ್ಪಣೆಯನ್ನು ನಡೆಸಿಯೂ ನಿಷ್ಠನಾಗಿ ಉಳಿದನಲ್ಲವೇ ಎಂಬ ಆಕ್ಷೇಪಣೆ ಸಹಜವಾದುದು. ಇದಕ್ಕೆ ಉತ್ತರ ಅವನು ಬೇಡಿದ ವರಗಳಲ್ಲಿದೆ. ತಾಯಿ ಬದುಕಬೇಕು, ವಧೆಯ ನೆನಪು ಅವಳಿಗೆ ಇರಬಾರದು, ಅಣ್ಣಂದಿರು ಮೊದಲಿನಂತಾಗಬೇಕೆಂದು ಅವನು ಕೇಳಿದನು. ಎಂದರೆ, ತಂದೆ ಮಾಡಿಸಿದುದನ್ನೆಲ್ಲ ಇಲ್ಲವಾಗಿಸಲು ಬೇಡಿದನು. ಅವನ ನಿಷ್ಠೆ ಕೊಡಲಿಯ ಏಟಿನಲ್ಲಿರದೆ ಈ ಬೇಡಿಕೆಯಲ್ಲಿದೆ. ಇದನ್ನು ಕೇವಲ ಪಿತೃವಾಕ್ಯಪರಿಪಾಲನೆಯೆಂದು ಕೊಂಡಾಡುವವರು ಕಥೆಯ ಅರ್ಧವನ್ನು ಮಾತ್ರ ಓದಿದಂತಾಯಿತು.

ಅರಿವಿನ ವಿಷಯದಲ್ಲಿಯೂ ಭೇದವಿದೆ. ಬಿರುಗಾಳಿಯಲ್ಲಿ ಎಲ್ಲವನ್ನೂ ಕಳೆದುಕೊಂಡ ಲಿಯರ್ ಕೊನೆಗೆ ಕಾರ್ಡೀಲಿಯಳ ಕ್ಷಮೆ ಬೇಡಿ, ಅವಳ ಶವದ ಬಳಿಯೇ ಪ್ರಾಣ ಬಿಡುತ್ತಾನೆ. ಜಮದಗ್ನಿ ವರ ಕೊಟ್ಟದ್ದು ಆಜ್ಞೆ ನೆರವೇರಿತೆಂಬ ಸಂತೋಷದಿಂದಲೇ ಹೊರತು ಪಶ್ಚಾತ್ತಾಪದಿಂದಲ್ಲ. ಕಾರ್ತವೀರ್ಯನ ಮಕ್ಕಳ ಕೈಯಲ್ಲಿ ಸಾಯುವಾಗಲೂ ಅವನು ಅನಾಥನಂತೆ ಕೂಗಿ ಕರೆದದ್ದು ಮಾತು ಕೇಳಿದ ಮಗನನ್ನೇ. ತಂದೆಗೆ ಬಾರದ ಅರಿವು ಜನಕ್ಕೆ ಬಂದಿತು. ಗುಡ್ಡದಲ್ಲಿ ಜನ 'ಉಧೋ ಉಧೋ' ಎನ್ನುವುದು ಅಪ್ಪಣೆಯಿತ್ತ ಋಷಿಗಲ್ಲ, ಕೊರಳು ಕೊಟ್ಟ ತಾಯಿಗೆ. ಹೊಸ್ತಿಲ ಹುಣ್ಣಿಮೆಗೆ ಅವಳ ವೈಧವ್ಯವನ್ನೂ ಭಾರತ ಹುಣ್ಣಿಮೆಗೆ ಮುತ್ತೈದೆತನವನ್ನೂ ಭಕ್ತರು ವರ್ಷವರ್ಷವೂ ಆಚರಿಸುತ್ತಾರೆ. ಆದುದರಿಂದ ಇಲ್ಲಿ ದುರಂತದ ಅರಿವು ನಾಯಕನಿಗೆ ಉಂಟಾಗದೆ ಪ್ರೇಕ್ಷಕರಿಗೆ ಉಂಟಾಗುತ್ತದೆ ಎನ್ನಬಹುದು.

ಇತಿಹಾಸವಾದರೋ ಇಷ್ಟು ಸಮಾಧಾನಕರವಾಗಿಲ್ಲ. ಇದೇ ತಾಯಿಯ ಹೆಸರಿನಲ್ಲಿ ಹೆತ್ತವರು ತಮ್ಮ ಹರಕೆಯನ್ನು ಹೆಣ್ಣುಮಕ್ಕಳ ಕೊರಳಿಗೆ ಮುತ್ತು ಕಟ್ಟಿ ತೀರಿಸಿದರು. ಅದನ್ನು ತಡೆಯಲು ಕರ್ನಾಟಕವು 1982ರಲ್ಲಿ ದೇವದಾಸಿ ಸಮರ್ಪಣೆ ನಿಷೇಧದ ಶಾಸನವನ್ನು ಮಾಡಬೇಕಾಯಿತು. ಹರಕೆ ಹೊತ್ತವರು ಹಿರಿಯರು, ತೆತ್ತವರು ಮಕ್ಕಳು. ರೇಣುಕೆಯ ಪಾದಕ್ಕೆರಗಿದವರೂ ಮನೆಯಲ್ಲಿ ಜಮದಗ್ನಿಯಾಗಿ ನಡೆದುಕೊಂಡರೆಂಬುದನ್ನು ಈ ಕಥೆಯ ವಿಮರ್ಶಕನು ಮರೆಯಲಾಗದು.