ಹೇಗಿಯಾ ಸೋಫಿಯಾದ ಅನುರಣನ: ಒಂದು ಧ್ವನಿಮುದ್ರಿಕೆಯ ವಿಮರ್ಶೆ

ಕಾಪೆಲ್ಲಾ ರೊಮಾನ ಎಂಬ ಗಾಯಕವೃಂದವು 2019ರಲ್ಲಿ ಹೊರತಂದ ‘ಲಾಸ್ಟ್ ವಾಯ್ಸಸ್ ಆಫ್ ಹೇಗಿಯಾ ಸೋಫಿಯಾ’ ಎಂಬ ಧ್ವನಿಮುದ್ರಿಕೆಯು ಸಂಗೀತಪ್ರಿಯರಿಗಿಂತಲೂ ಹೆಚ್ಚಾಗಿ ಇತಿಹಾಸದ ವಿದ್ಯಾರ್ಥಿಗಳ ಗಮನಕ್ಕೆ ಬರತಕ್ಕದ್ದು. ಅದರಲ್ಲಿನ ಮಧ್ಯಯುಗದ ಬೈಜಾಂಟೈನ್ ಸ್ತೋತ್ರಗಳನ್ನು ಹಾಡಿದುದು ಇಸ್ತಾಂಬುಲಿನಲ್ಲಲ್ಲ. ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸಭಾಂಗಣದಲ್ಲಿ. ಆದರೂ ಕೇಳುವವನ ಕಿವಿಗೆ ಬೀಳುವುದು, ಸುಮಾರು 11 ಸೆಕೆಂಡುಗಳ ಕಾಲ ಕರಗದೆ ನಿಲ್ಲುವ, ಆ ಮಹಾಗುಮ್ಮಟದ ಅನುರಣನ.

ಇದನ್ನು ಸಾಧಿಸಿದ ವಿಧಾನಕ್ಕೆ ಕನ್ವಲ್ಯೂಷನ್ ರಿವರ್ಬ್ ಎಂದು ಹೆಸರು. ಕಲೆಯ ಇತಿಹಾಸಕಾರರಾದ ಬಿಸ್ಸೆರಾ ಪೆಂಚೇವಾ ಮತ್ತು ಧ್ವನಿತಜ್ಞರಾದ ಜೊನಾಥನ್ ಏಬಲ್ ಇವರ ಯೋಜನೆಗಾಗಿ 2010ರಲ್ಲಿ ಕಟ್ಟಡದೊಳಗೆ ಬಲೂನುಗಳನ್ನು ಒಡೆದು, ಆ ಸದ್ದಿಗೆ ಗೋಡೆ ಕಮಾನುಗಳು ಕೊಟ್ಟ ಉತ್ತರವನ್ನು ಮುದ್ರಿಸಿಕೊಳ್ಳಲಾಯಿತು. ಹಾಡುಗಾರನ ಧ್ವನಿಯ ಒಂದೊಂದು ಕ್ಷಣಾಂಶವೂ ಆ ಉತ್ತರವನ್ನು ತನ್ನ ಬಲಕ್ಕೆ ತಕ್ಕಷ್ಟು ಎಬ್ಬಿಸುವಂತೆ ಲೆಕ್ಕ ಹಾಕಿ, ಎಲ್ಲವನ್ನೂ ಗಣಕಯಂತ್ರವು ಕೂಡಿಸುತ್ತದೆ. ಹಾಡುತ್ತಿರುವಾಗಲೇ ಈ ಅನುರಣನವು ಗಾಯಕರಿಗೆ ಕೇಳಿಸುತ್ತಿದ್ದುದರಿಂದ ಅವರು ಅದಕ್ಕೆ ಹೊಂದಿಕೊಂಡು ಹಾಡಿದರು. ಹಾಡಿ ಮುಗಿಸಿದ ಮೇಲೆ ಮೆರುಗು ಬಳಿಯುವ ಸಾಮಾನ್ಯ ಪದ್ಧತಿಗಿಂತ ಇದು ಎಷ್ಟೋ ಮೇಲು.

ಆದರೆ ‘ಕಳೆದುಹೋದ ಧ್ವನಿಗಳು’ ಎಂಬ ಹೆಸರನ್ನು ಇತಿಹಾಸಕಾರನು ಹಾಗೆಯೇ ಒಪ್ಪುವಂತಿಲ್ಲ. ಬಲೂನಿಗೆ ಉತ್ತರ ಕೊಟ್ಟುದು 2010ರ ಕಟ್ಟಡ. 1935ರಿಂದ ವಸ್ತುಸಂಗ್ರಹಾಲಯವಾಗಿದ್ದು, ಅಮೃತಶಿಲೆಯ ನೆಲ ಬರಿದಾಗಿ ತೆರೆದಿದ್ದ ಕಟ್ಟಡ. (537ರಲ್ಲಿ ಮುಗಿದ ದೇಗುಲದ ಗುಮ್ಮಟವೂ ಇದಲ್ಲ. ಮೊದಲನೆಯದು 558ರಲ್ಲಿ ಕುಸಿಯಿತು. ಅನಂತರ ಕಟ್ಟಿದ್ದು ಅದಕ್ಕಿಂತ ಎತ್ತರವಾದುದು.) ಹಬ್ಬದ ದಿನ ನೆರೆದ ಜನ, ಅವರ ಉಡುಪು, ತೆರೆಗಳು, ಇವೆಲ್ಲ ನಾದವನ್ನು, ಅದರಲ್ಲಿಯೂ ಏರುಸ್ವರಗಳನ್ನು, ಹೀರಿಕೊಳ್ಳುತ್ತವೆ. ಆದುದರಿಂದ ಮಧ್ಯಯುಗದ ಭಕ್ತನು ಕೇಳಿದ ಅನುರಣನವು ಇದಕ್ಕಿಂತ ಮೋಟಾಗಿದ್ದಿರಬೇಕು.

ಹಾಗಿದ್ದರೆ ಅದನ್ನು ಮೋಟುಮಾಡಬಹುದಲ್ಲವೆ? ಉಪಕರಣದಲ್ಲಿ ಅದಕ್ಕೆ ಬೇಕಾದ ಏರ್ಪಾಡುಗಳೆಲ್ಲ ಇವೆ. ಅನುರಣನದ ಬಾಲವನ್ನು ಕತ್ತರಿಸಬಹುದು, ಏರುಸ್ವರಗಳನ್ನು ತಗ್ಗಿಸಬಹುದು, ಮೂಲಧ್ವನಿಗೂ ಅನುರಣನಕ್ಕೂ ಇರುವ ಪ್ರಮಾಣವನ್ನೂ ಅವುಗಳ ನಡುವಣ ಅಂತರವನ್ನೂ ಬದಲಿಸಬಹುದು. ಹಸ್ತಪ್ರತಿಯಲ್ಲಿ ಹುಳು ತಿಂದ ಅಕ್ಷರವನ್ನು ಊಹಿಸಿ ತುಂಬುವ ಸಂಪಾದಕನ ಕೆಲಸವೇ ಇದು. ಸಂಪಾದಕನಾದರೋ ಅಂತಹ ಅಕ್ಷರವನ್ನು ಕಂಸದಲ್ಲಿಡುತ್ತಾನೆ. ಗುಂಡಿ ತಿರುಗಿಸುವವನ ಕೈಯಲ್ಲಿ ಕಂಸವಿಲ್ಲ. ಅಳೆದು ಪಡೆದ ಉತ್ತರವನ್ನು ಊಹೆಯಿಂದ ತಿದ್ದುವುದಕ್ಕಿಂತ, ಅದು ಬರಿದಾದ ಮಂದಿರದ್ದೆಂದು ಹೇಳಿ ಹಾಗೆಯೇ ಕೇಳಿಸುವುದು ಲೇಸೆಂದು ನನ್ನ ಅಭಿಪ್ರಾಯ. ತಿದ್ದಲೇಬೇಕಾದರೆ ತಿದ್ದದ ಪಾಠವೂ ಜೊತೆಗಿರಲಿ, ಗುಂಡಿಗಳ ಬೆಲೆಗಳನ್ನು ಮುದ್ರಿಸಲಿ.

2020ರಲ್ಲಿ ಆ ಕಟ್ಟಡವು ಪುನಃ ಮಸೀದಿಯಾಯಿತು. ನೆಲಕ್ಕೆ ರತ್ನಗಂಬಳಿ ಹಾಸಿತು. ಇಂದು ಅಲ್ಲಿ ಅದೇ ಬಲೂನನ್ನು ಒಡೆದರೆ ಅದೇ ಉತ್ತರ ಬಾರದು. ಗತಕಾಲವನ್ನು ತಿಳಿಯಲೆಂದು 2010ರಲ್ಲಿ ಮಾಡಿಕೊಂಡ ಮುದ್ರಣವು ಹತ್ತೇ ವರ್ಷಗಳಲ್ಲಿ ತಾನೇ ಗತಕಾಲದ ಆಕರವಾಗಿದೆ.